ಬೆಲ್ಲ ತಿಂದರೆ ಡೀಸೆಲ್ ಹೊಗೆ ಇಳಿಯುತ್ತಾ?

ಪ್ರಶ್ನೆ: ಲಾರಿ ಗ್ಯಾರೇಜಲ್ಲಿ ಎಂಟು ವರ್ಷದಿಂದ ಕೆಲಸ ಮಾಡ್ತಿದ್ದೀನಿ ಸರ್. ಬೀಡಿ, ಸಿಗರೇಟ್ ಮುಟ್ಟಲ್ಲ. ಸಾಯಂಕಾಲ ಎಲ್ಲರಿಗೂ ಒಂದೊಂದು ತುಂಡು ಬೆಲ್ಲ ಕೊಡ್ತಾರೆ. ತಿಂದರೆ ಎದೆಯಲ್ಲಿ ಕೂತ ಹೊಗೆ ಇಳಿದು ಹೋಗುತ್ತೆ ಅಂತಾರೆ. ಹಾಗಾದ್ರೆ ಡೀಸೆಲ್ ಹೊಗೆಯಿಂದ ನಮಗೇನೂ ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ. ಬೆಲ್ಲ ತಿಂದರೆ ಅದು ಹೋಗುವುದಿಲ್ಲ.

ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಟ್ರೇಡಿಗೆ ಪಾಠ ಮಾಡುತ್ತೇನೆ. ಪ್ರತಿ ಹೊಸ ಬ್ಯಾಚಿನಲ್ಲೂ ಈ ಪ್ರಶ್ನೆ ಬರುತ್ತದೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ, ಇನ್ನು ಕೇಳಿದವರಿಗೆಲ್ಲ ಇದನ್ನೇ ಓದಲು ಕೊಟ್ಟರಾಯಿತು.

ಕಣ್ಣುರಿ, ತಲೆನೋವು, ಗಂಟಲು ಕೆರೆತ, ಒಮ್ಮೊಮ್ಮೆ ವಾಕರಿಕೆ. ಇವನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಹೊರಗೆ ಹೋಗಿ ಗಾಳಿಗೆ ನಿಂತರೆ ಹೆಚ್ಚಿನವರಿಗೆ ಕಡಿಮೆಯಾಗುತ್ತದೆ, ಆಸ್ತಮಾ ಇದ್ದವರಿಗೆ ಅಷ್ಟು ಸುಲಭಕ್ಕೆ ಆಗುವುದಿಲ್ಲ. ನನಗೆ ಚಿಂತೆ ಇರುವುದು ವರ್ಷಗಟ್ಟಲೆ ಕುಡಿದ ಹೊಗೆಯ ಬಗ್ಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆ ಕ್ಯಾನ್ಸರ್ ತರುವ ಸಾಧ್ಯತೆ ಜಾಸ್ತಿ ಎಂದಷ್ಟೇ ಹೇಳಿತ್ತು. 2012ರ ಜೂನ್‌ನಲ್ಲಿ ಆ ಅನುಮಾನವನ್ನೂ ತೆಗೆದುಹಾಕಿತು. ಡೀಸೆಲ್ ಹೊಗೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುತ್ತದೆ, ಅದು ಖಚಿತ ಎಂದಿತು. ಮೂತ್ರಕೋಶದ ಕ್ಯಾನ್ಸರಿಗೂ ನಂಟು ಕಾಣಿಸಿದೆ, ಆದರೆ ಅದರ ಪುರಾವೆ ಅಷ್ಟು ಗಟ್ಟಿಯಿಲ್ಲ.

ಅದೇ ವರ್ಷ ಅಮೆರಿಕದ ಎಂಟು ಗಣಿಗಳ 12,315 ಕಾರ್ಮಿಕರ ಅಧ್ಯಯನ ಹೊರಬಂತು. ಉಪ್ಪು, ಸುಣ್ಣದಕಲ್ಲು, ಪೊಟ್ಯಾಷ್ ತೆಗೆಯುವಂಥ ಗಣಿಗಳನ್ನೇ ಬೇಕೆಂದು ಆರಿಸಿಕೊಂಡಿದ್ದರು. ಶ್ವಾಸಕೋಶ ಕೆಡಿಸುವ ಸಿಲಿಕಾ, ಕಲ್ನಾರು, ರೇಡಾನ್ ಅಲ್ಲಿ ಕಡಿಮೆ. ಹಾಗಾಗಿ ತಪ್ಪನ್ನು ಬೇರೆ ಯಾವುದರ ತಲೆಗೂ ಕಟ್ಟುವಂತಿರಲಿಲ್ಲ. ಅತಿ ಹೆಚ್ಚು ಹೊಗೆ ಕುಡಿದವರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ಅತಿ ಕಡಿಮೆ ಕುಡಿದವರಿಗಿಂತ ಸುಮಾರು ಮೂರು ಪಟ್ಟು. ಧೂಮಪಾನವೇ ಮಾಡದವರನ್ನು ಮಾತ್ರ ಹೋಲಿಸಿದಾಗ ಸುಮಾರು ಏಳು ಪಟ್ಟು. ಬೀಡಿ ಮುಟ್ಟಲ್ಲ ಅಂದಿರಲ್ಲ, ಒಳ್ಳೆಯದೇ. ಆದರೆ ಡೀಸೆಲ್ ಹೊಗೆ ಅದನ್ನು ನೋಡಿ ನಿಮ್ಮನ್ನು ಬಿಟ್ಟುಬಿಡುವುದಿಲ್ಲ. ನಿಮ್ಮ ಗ್ಯಾರೇಜ್ ನೆಲದಡಿಯ ಗಣಿಯಲ್ಲ, ಒಪ್ಪಿದೆ. ಆದರೆ ಮಳೆ ಬಂತೆಂದು ಶಟರ್ ಎಳೆದು ಇಂಜಿನ್ನಿಗೆ ರೇಸ್ ಕೊಟ್ಟಾಗ ಆ ಹೊಗೆಯೆಲ್ಲ ಎಲ್ಲಿಗೆ ಹೋಗಬೇಕು ಹೇಳಿ?

ಈಗ ಬೆಲ್ಲಕ್ಕೆ ಬರೋಣ.

ತಿಂದಿದ್ದು ಅನ್ನನಾಳದಲ್ಲಿ ಹೊಟ್ಟೆಗೆ ಇಳಿಯುತ್ತದೆ. ಉಸಿರು ಶ್ವಾಸನಾಳದಲ್ಲಿ ಎದೆಗೆ ಹೋಗುತ್ತದೆ. ಗಂಟಲು ದಾಟಿದ ಮೇಲೆ ಎರಡಕ್ಕೂ ದಾರಿ ಬೇರೆ. ಬೆಲ್ಲ ಒಂದು ತುಂಡಾದರೂ ಅಷ್ಟೇ, ಒಂದು ಅಚ್ಚಾದರೂ ಅಷ್ಟೇ, ಶ್ವಾಸಕೋಶದ ಒಳಗೋಡೆಯನ್ನು ಅದು ಮುಟ್ಟುವುದೇ ಇಲ್ಲ. ಜೀರ್ಣವಾಗಿ ಸಕ್ಕರೆಯಾಗಿ ರಕ್ತ ಸೇರುತ್ತದೆ. ಗಂಟಲಿಗೆ ಹಿತ ಅನಿಸುವುದು ನಿಜ. ಸಿಹಿ ತಿಂದಾಗ ಜೊಲ್ಲು ಬರುತ್ತದೆ, ಕೆರೆತ ತಣಿಯುತ್ತದೆ. ಆ ಹಿತವನ್ನೇ ಜನ ಔಷಧಿ ಅಂದುಕೊಂಡಿದ್ದಾರೆ.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ, ಗೊತ್ತು. ‘ಬೆಲ್ಲ ತಿಂದ ಮೇಲೆ ಕಪ್ಪು ಕಫ ಬರುತ್ತಲ್ಲ ಸರ್, ನಾವೇ ಕಣ್ಣಾರೆ ನೋಡಿದ್ದೀವಿ’ ಅನ್ನುತ್ತಾರೆ. ಕಪ್ಪು ಕಫ ಬರುತ್ತದೆ. ಬೆಲ್ಲ ತಿನ್ನದಿದ್ದರೂ ಬರುತ್ತದೆ. ಒಂದು ವಾರ ಬಿಟ್ಟು ನೋಡಿ. ಮೂಗು ಒರೆಸಿದ ಬಿಳಿ ಕರ್ಚೀಫಿನ ಮೇಲೆ ಅದೇ ಕಪ್ಪು ಗೆರೆ ಇರುತ್ತದೆ. ಮೂಗು, ಗಂಟಲು, ಶ್ವಾಸನಾಳದ ದೊಡ್ಡ ಕವಲುಗಳ ಒಳಗೆ ಲೋಳೆ ಇದೆ, ಅದನ್ನು ಮೇಲಕ್ಕೆ ತಳ್ಳುವ ಸಣ್ಣ ಸಣ್ಣ ರೋಮಗಳಿವೆ. ಸಿಕ್ಕಿಕೊಂಡ ದಪ್ಪ ಕಣಗಳನ್ನು ಅವು ಹಗಲು ರಾತ್ರಿ ಗಂಟಲಿಗೆ ತಂದು ಹಾಕುತ್ತಲೇ ಇರುತ್ತವೆ. ನೀವು ಉಗುಳುವುದು ಅದನ್ನೇ.

ಡೀಸೆಲ್ ಮಸಿಯ ಬಹುಪಾಲು ಕಣಗಳು ಅಲ್ಲಿ ನಿಲ್ಲುವುದಿಲ್ಲ. ಒಂದೊಂದೂ ಒಂದು ಮೈಕ್ರಾನ್‌ಗಿಂತ ಚಿಕ್ಕದು. ನಮ್ಮ ಕೂದಲೆಳೆಯ ದಪ್ಪ ಸುಮಾರು 70 ಮೈಕ್ರಾನ್ ಅಂದರೆ ಲೆಕ್ಕ ಹಾಕಿ. ಇಷ್ಟು ಚಿಕ್ಕ ಕಣ ನೇರ ಕೊನೆಯ ಗಾಳಿಚೀಲಗಳಿಗೆ ಇಳಿಯುತ್ತದೆ. ಅರೆಬರೆ ಉರಿದ ಡೀಸೆಲ್ಲಿನ ವಿಷ ಅದರ ಮೈಗೆ ಅಂಟಿಕೊಂಡೇ ಬರುತ್ತದೆ. ಅಲ್ಲಿ ತಳ್ಳುವ ರೋಮಗಳಿಲ್ಲ. ಮಸಿಯನ್ನು ನುಂಗುವ ಜೀವಕೋಶಗಳಿವೆ, ಆದರೆ ಅವುಗಳ ಕೆಲಸ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ನೀವು ಮತ್ತಷ್ಟು ಕುಡಿದಿರುತ್ತೀರಿ. ಹೊರಬಂದ ಕಪ್ಪನ್ನು ನೋಡಿ ಒಳಗೆ ಚೊಕ್ಕಟವಾಯಿತು ಅಂದುಕೊಳ್ಳಬೇಡಿ.

ಓದಿಕೊಂಡವರು ಇನ್ನೊಂದು ತರುತ್ತಾರೆ: ‘ಇದರ ಬಗ್ಗೆ ಸಂಶೋಧನೆಯೇ ಆಗಿದೆ.’ ಆಗಿದೆ. 1994ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಪ್ರಕಟಿಸಿದ್ದು. ಇಲಿಗಳ ಶ್ವಾಸಕೋಶಕ್ಕೆ ಕಲ್ಲಿದ್ದಲ ಪುಡಿ ಹಾಕಿ, ತೊಂಬತ್ತು ದಿನ ಬೆಲ್ಲ ತಿನ್ನಿಸಿ ನೋಡಿದರು. ಬೆಲ್ಲ ತಿಂದ ಇಲಿಗಳಲ್ಲಿ ಕಣಗಳು ಶ್ವಾಸಕೋಶದಿಂದ ಜಾಸ್ತಿ ಸರಿದವು, ಗಾಯವೂ ಕಡಿಮೆಯಿತ್ತು. ಸರಿದು ಹೋದದ್ದೆಲ್ಲಿಗೆ? ಪಕ್ಕದ ಲಿಂಫ್ ಗ್ರಂಥಿಗಳಿಗೆ. ಮೈಯಿಂದ ಹೊರಗಲ್ಲ, ಮೈಯೊಳಗೇ ಇನ್ನೊಂದು ಜಾಗಕ್ಕೆ! ಅದೂ ಇಲಿ, ಮನುಷ್ಯನಲ್ಲ. ಕಲ್ಲಿದ್ದಲು, ಡೀಸೆಲ್ ಮಸಿಯಲ್ಲ. ಆ ಸಂಶೋಧನೆಯನ್ನು ನಾನು ಹಗುರ ಮಾಡುತ್ತಿಲ್ಲ, ಜನರ ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಿದ್ದು ಸರಿಯಾದ ಕೆಲಸವೇ. ಆದರೆ ಅದನ್ನು ಹಿಡಿದುಕೊಂಡು ಗ್ಯಾರೇಜಿನ ಹುಡುಗನಿಗೆ ‘ಬೆಲ್ಲ ತಿನ್ನು, ಏನೂ ಆಗಲ್ಲ’ ಅನ್ನುವ ಹಾಗಿಲ್ಲ. ಇದೇ ನಂಬಿಕೆಯಿಂದ ಕೆಲವರು ತೆಗೆದುಕೊಳ್ಳುವ ಹಾಲು, ಬಾಳೆಹಣ್ಣಿಗೆ ಇಷ್ಟು ಆಧಾರವೂ ಇಲ್ಲ.

ಬೆಲ್ಲದ ಮೇಲೆ ನನಗೆ ಸಿಟ್ಟಿಲ್ಲ, ಇಷ್ಟವಾದರೆ ತಿನ್ನಿ. ಸಿಟ್ಟಿರುವುದು ಅದು ಮಾಡುವ ಕೆಲಸದ ಮೇಲೆ. ಬೆಲ್ಲ ಕೊಟ್ಟ ಮಾಲೀಕರಿಗೆ ತಮ್ಮ ಜವಾಬ್ದಾರಿ ಮುಗಿಯಿತು ಅನಿಸುತ್ತದೆ, ತಿಂದವರಿಗೆ ಧೈರ್ಯ ಬರುತ್ತದೆ. ಸೈಲೆನ್ಸರಿಗೆ ಪೈಪ್ ಹಾಕುವ ಮಾತನ್ನೇ ಯಾರೂ ಎತ್ತುವುದಿಲ್ಲ.

ಆ ಪೈಪೇ ನಿಜವಾದ ಉತ್ತರ. ಶಾಖ ತಡೆಯುವ ಹೋಸ್ ಪೈಪನ್ನು ಸೈಲೆನ್ಸರಿನ ಬಾಯಿಗೆ ಕ್ಲ್ಯಾಂಪ್ ಮಾಡಿ, ಇನ್ನೊಂದು ತುದಿಯನ್ನು ಗೋಡೆಯಾಚೆ ಬಿಡಿ. ಆಚೆ ಬೇರೆಯವರ ಕಿಟಕಿ ಇರಬಾರದು. ಸೀಲಿಂಗ್ ಫ್ಯಾನ್ ಹೊಗೆಯನ್ನು ಅಲ್ಲಲ್ಲೇ ಸುತ್ತಿಸುತ್ತದೆ, ಬೇಕಾದ್ದು ಹೊರಗೆ ಎಳೆಯುವ ಎಕ್ಸಾಸ್ಟ್ ಫ್ಯಾನ್. ಕೆಲಸವಿಲ್ಲದಾಗ ಇಂಜಿನ್ ಆಫ್ ಮಾಡಿ. ಬಾಯಿಗೆ ಕಟ್ಟುವ ಟವೆಲ್ಲು ಈ ಕಣಗಳನ್ನು ತಡೆಯುವುದಿಲ್ಲ. ಮುಖಕ್ಕೆ ಸರಿಯಾಗಿ ಕೂತ ಎನ್-95 ಮಾಸ್ಕ್ ಮಸಿಯನ್ನು ತಡೆಯುತ್ತದೆ, ಆದರೆ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್‌ನಂಥ ಅನಿಲಗಳನ್ನು ತಡೆಯುವುದಿಲ್ಲ. ಹೊಗೆಯ ಹೊಸ ನಿಯಮಕ್ಕೆ ತಕ್ಕಂತೆ ತಯಾರಾದ ಬಿಎಸ್-6 ಗಾಡಿಗೂ ಪೈಪ್ ಬೇಕು. ಅದರ ಫಿಲ್ಟರ್ ಮಸಿ ಹಿಡಿದರೂ ಅನಿಲ ಬರುತ್ತಲೇ ಇರುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವಂತ ಗ್ಯಾರೇಜ್ ಇಟ್ಟಿದ್ದಾನೆ. ಅಲ್ಲಿ ಪೈಪ್ ಸಿಕ್ಕಿಸದೆ ಕೀ ತಿರುಗಿಸುವ ಹಾಗೇ ಇಲ್ಲ. ಅದನ್ನು ನೋಡಿ ಬಂದ ದಿನ ಬಹಳ ಖುಷಿಪಟ್ಟೆ.

ಡಾಕ್ಟರ ಹತ್ತಿರ ಹೋದಾಗ ‘ಸಿಗರೇಟ್ ಇದೆಯಾ’ ಎಂದು ಕೇಳುತ್ತಾರೆ. ಏನು ಕೆಲಸ ಎಂದು ಕೇಳದೇ ಇರಬಹುದು, ನೀವೇ ಹೇಳಿ. ಎಷ್ಟು ವರ್ಷದಿಂದ ಎಂಬುದನ್ನೂ ಹೇಳಿ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಎಮಿಷನ್ ಟೆಸ್ಟ್ ಮಾಡುವ ಹುಡುಗರ ಗತಿಯೇನು? ಡೀಸೆಲ್ ಗಾಡಿಯ ಟೆಸ್ಟ್ ಅಂದರೆ ಮತ್ತೆ ಮತ್ತೆ ಪೂರ್ತಿ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ಅಳೆಯುವುದು. ಗಾಡಿ ಅತಿ ಕೆಟ್ಟದಾಗಿ ಹೊಗೆ ಉಗುಳುವ ಹೊತ್ತು ಅದೇ, ಈ ಹುಡುಗ ಸೈಲೆನ್ಸರಿನ ಹಿಂದೆ ನಿಂತಿರುವ ಹೊತ್ತೂ ಅದೇ. ಗಾಡಿ ಪಾಸೋ ಫೇಲೋ ಎಂದು ಚೀಟಿ ಬರುತ್ತದೆ, ಇವನ ಎದೆಯನ್ನು ಯಾರೂ ಅಳೆಯುವುದಿಲ್ಲ. ಈ ಕೆಲಸದಲ್ಲಿರುವವರು ಯಾರಾದರೂ ಓದುತ್ತಿದ್ದರೆ ಇಷ್ಟು ಮಾಡಿ: ಪ್ರೋಬ್ ಸಿಕ್ಕಿಸಿದ ತಕ್ಷಣ ಪಕ್ಕಕ್ಕೆ ಸರಿಯಿರಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿ, ಆಮೇಲೆ ರೇಸ್ ಕೊಡಲು ಡ್ರೈವರಿಗೆ ಹೇಳಿ. ಟೆಸ್ಟ್ ವ್ಯಾನಿನ ಬಾಗಿಲು ಸೈಲೆನ್ಸರಿನ ಕಡೆಗೆ ತೆರೆದುಕೊಂಡಿದ್ದರೆ ವ್ಯಾನನ್ನು ತಿರುಗಿಸಿ ನಿಲ್ಲಿಸಿ.