ಮದುವೆಗೆ ಡಿಜೆ ಬೇಡ, ಹಾಡು ನಾವೇ ಹಾಕಿಕೊಳ್ಳಬಹುದೇ?

ಪ್ರಶ್ನೆ: ಬರುವ ವೈಶಾಖದಲ್ಲಿ ತಂಗಿಯ ಮದುವೆ. ಹಿಂದಿನ ಸಂಜೆ ಆರತಕ್ಷತೆಗೆ ಸುಮಾರು 400 ಜನ ಬರುತ್ತಾರೆ. ಡಿಜೆಯವರು ಕೇಳುವ ಹಣ ನಮ್ಮ ಕೈಗೆ ಮೀರಿದ್ದು. ಮೊಬೈಲಿನಲ್ಲಿ ಹಾಡುಗಳನ್ನು ಜೋಡಿಸಿಟ್ಟು ನಾವೇ ಹಾಕಿಕೊಂಡರೆ ನಡೆಯುತ್ತದೆಯೇ? ಏನೇನು ಬೇಕು? ಕಾನೂನಿನ ತೊಡಕೇನಾದರೂ ಇದೆಯೇ?

ಉತ್ತರ: ಖಂಡಿತ ನಡೆಯುತ್ತದೆ. ನಮ್ಮ ಕಡೆಯ ಆರತಕ್ಷತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಉಡುಗೊರೆ ಹಿಡಿದವರು ವೇದಿಕೆಯ ಪಕ್ಕ ಸಾಲು ನಿಂತಿರುತ್ತಾರೆ. ವರ್ಷಗಟ್ಟಲೆ ಮುಖ ನೋಡದ ನೆಂಟರು ಕುರ್ಚಿ ಎಳೆದುಕೊಂಡು ಮಾತಿಗೆ ಕುಳಿತಿರುತ್ತಾರೆ. ಅರ್ಧದಷ್ಟು ಜನ ಊಟದ ಮನೆಯಲ್ಲಿರುತ್ತಾರೆ. ಕುಣಿಯುವವರ ಹುರುಪು ನೋಡಿ ಮುಂದಿನ ಹಾಡನ್ನು ಆರಿಸುವುದು ಡಿಜೆಯ ವಿದ್ಯೆ. ಕುಣಿತವೇ ಇಲ್ಲದ ಕಡೆ ಆ ವಿದ್ಯೆಗೆ ಕೆಲಸವಿಲ್ಲ. ನಿಮ್ಮ ಮನೆಯಲ್ಲಿ ಎರಡು ಮೂರು ಗಂಟೆ ಕುಣಿಯುವ ಸಂಗೀತ್ ಕಾರ್ಯಕ್ರಮವಿದ್ದರೆ ಮಾತ್ರ ನನ್ನ ಉತ್ತರ ಬೇರೆ. ಆಗ ದುಡ್ಡು ಕೊಟ್ಟು ಕರೆಸಿ.

ಆದರೆ ಡಿಜೆಯನ್ನು ಬಿಟ್ಟರೂ ಅವನ ಜಾಗದಲ್ಲಿ ಕೂರುವ ಒಬ್ಬ ಮನುಷ್ಯನನ್ನು ಬಿಡುವಂತಿಲ್ಲ. ಹೆಚ್ಚಿನವರು ಎಡವುವುದು ಇಲ್ಲಿಯೇ. ನಮ್ಮ ದೊಡ್ಡಪ್ಪನ ಮಗಳ ಮದುವೆಯಲ್ಲಿ ಹಾಡುಗಳ ಪಟ್ಟಿ ಬಹಳ ಚೆನ್ನಾಗಿತ್ತು, ವಾರಗಟ್ಟಲೆ ಕೂತು ಮಾಡಿದ್ದೆವು. ಹಾಡುತ್ತಿದ್ದದ್ದು ಸೋದರಳಿಯನ ಮೊಬೈಲು, ಬ್ಲೂಟೂತ್ ಮೂಲಕ. ಎಂಟೂವರೆಗೆ ಎರಡನೆಯ ಪಂಕ್ತಿಗೆ ಎಲೆ ಹಾಕಿದರೆಂದು ಹುಡುಗ ಮೊಬೈಲನ್ನು ಜೇಬಿಗಿಳಿಸಿ ಊಟಕ್ಕೆ ಹೊರಟ. ಅವನು ಮೆಟ್ಟಿಲಿಳಿಯುತ್ತಿದ್ದಂತೆ ಹಾಡು ಎರಡಕ್ಷರ ಕೇಳಿಸಿ ನಾಲ್ಕಕ್ಷರ ನುಂಗಿತು, ಮತ್ತೆ ಒಂದು ಸಾಲು ಬಂತು, ಆಮೇಲೆ ಪೂರ್ತಿ ನಿಂತಿತು. ಸೀರೆ ಬದಲಿಸಿಕೊಂಡು ಮದುಮಗಳು ವೇದಿಕೆಗೆ ಬಂದದ್ದು ಆ ಹೊತ್ತಿಗೇ. ಹಿತ್ತಲಿನ ಜನರೇಟರ್ ಗುರುಗುಟ್ಟುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ಒಂದು ಕ್ಷಣ ನಿಂತು ಸುತ್ತ ನೋಡಿದ್ದು ನನಗೆ ಇಂದಿಗೂ ನೆನಪಿದೆ.

ಆದ್ದರಿಂದ ಮೊದಲ ಮಾತು: ಬ್ಲೂಟೂತ್ ಬೇಡ, ತಂತಿ ಬಳಸಿ. ಬ್ಲೂಟೂತ್ ಸಾಮಾನ್ಯವಾಗಿ ಎಟುಕುವುದು ಸುಮಾರು 10 ಮೀಟರ್, ಗೋಡೆಯೋ ಜನರ ಗುಂಪೋ ಅಡ್ಡ ಬಂದರೆ ಅದೂ ಇಲ್ಲ. ಹೊಸ ಮೊಬೈಲುಗಳಲ್ಲಿ ಇಯರ್‌ಫೋನ್ ಚುಚ್ಚುವ 3.5 ಮಿಲಿಮೀಟರ್ ರಂಧ್ರವೇ ಇರುವುದಿಲ್ಲ. ಅದಕ್ಕೆ ಬೇಕಾದ ಟೈಪ್-ಸಿ ಕನೆಕ್ಟರನ್ನು ವಾರ ಮೊದಲೇ ತಂದು, ನಿಮ್ಮ ಮೊಬೈಲಿಗೇ ಹಾಕಿ ನೋಡಿ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಯಾರೂ ಕರೆ ಮಾಡುವುದಿಲ್ಲ. ಮೊಬೈಲೇ ಗತಿಯಾದರೆ ಫ್ಲೈಟ್ ಮೋಡ್‌ಗೆ ಹಾಕಿಡಿ. ಹಾಗೆ ಹಾಕಬೇಕೆಂದರೆ ಹಾಡುಗಳೆಲ್ಲ ಮೊದಲೇ ಡೌನ್‌ಲೋಡ್ ಆಗಿರಬೇಕು. ಚಂದಾ ಕಟ್ಟದ ಆ್ಯಪ್‌ಗಳು ನಡುನಡುವೆ ಜಾಹೀರಾತು ಹಾಕುತ್ತವೆ. ಆರತಿ ಎತ್ತುವಾಗ ಸಾಲದ ಜಾಹೀರಾತು ಕೇಳಿಸುವುದು ಯಾರಿಗೂ ಬೇಡ. ಒಂದು ತಿಂಗಳ ಚಂದಾ ಕಟ್ಟಿಬಿಡಿ. ಅದೇ ಪಟ್ಟಿ ಇನ್ನೊಂದು ಮೊಬೈಲಿನಲ್ಲೂ ಇರಲಿ.

ಮನೆಯ ಸ್ಪೀಕರು 400 ಜನಕ್ಕೆ ಸಾಲದು. ಕುಳಿತ ಮೈಗಳು, ಉಟ್ಟ ರೇಷ್ಮೆ, ಎಲ್ಲವೂ ಸದ್ದನ್ನು ಹೀರುತ್ತವೆ. ಖಾಲಿ ಛತ್ರದಲ್ಲಿ ಗಣಗಣ ಎಂದದ್ದು ಜನ ತುಂಬಿದಾಗ ಕೇಳಿಸುವುದೇ ಇಲ್ಲ. ಊರಿನ ಮೈಕ್‌ಸೆಟ್‌ನವರನ್ನು ಕೇಳಿ: ಸ್ಟ್ಯಾಂಡ್ ಸಮೇತ ನಾಲ್ಕು ಸ್ಪೀಕರು, ಹಾಡು, ಮೈಕುಗಳ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಒಂದು ಮಿಕ್ಸರು, ಎರಡು ಮೈಕು. ಎರಡೇ ದೊಡ್ಡ ಪೆಟ್ಟಿಗೆಗಳನ್ನು ವೇದಿಕೆಯ ಪಕ್ಕ ನಿಲ್ಲಿಸುವುದು ಅವರ ರೂಢಿ. ಹಾಗಾದರೆ ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಯರ ಕಿವಿ ತೂತಾಗುತ್ತದೆ, ಹಿಂದಿನ ಸಾಲಿಗೆ ಏನೂ ಮುಟ್ಟುವುದಿಲ್ಲ. ಚಿಕ್ಕ ಸ್ಪೀಕರುಗಳನ್ನೇ ಹಾಲಿನ ಉದ್ದಕ್ಕೂ ಹಂಚಿ, ತಲೆಗಳಿಗಿಂತ ಎತ್ತರದಲ್ಲಿಟ್ಟು, ಸದ್ದು ಕಡಿಮೆ ಇಡಲು ಹೇಳಿ. ಪಕ್ಕದವರ ಜೊತೆ ದನಿ ಎತ್ತರಿಸದೆ ಮಾತಾಡಲು ಆಗಬೇಕು. ನನ್ನ ಅಳತೆ ಅಷ್ಟೇ. ಮೈಕು ಹಿಡಿದವರು ಸ್ಪೀಕರಿನ ಬಾಯಿಗೆ ಎದುರಾಗಿ ನಿಂತರೆ ಕುಂಯ್ ಎಂದು ಕಿರುಚುತ್ತದೆ, ಆದ್ದರಿಂದ ಸ್ಪೀಕರುಗಳು ಮೈಕಿಗಿಂತ ಮುಂದಿರಲಿ.

ಹಾಡುಗಳ ಲೆಕ್ಕ ಸುಲಭ. ಒಂದು ಹಾಡಿಗೆ ನಾಲ್ಕೂವರೆ ನಿಮಿಷವೆಂದರೆ ಮೂರು ಗಂಟೆಗೆ 40 ಹಾಡು. ನೀವು 60 ಇಟ್ಟುಕೊಳ್ಳಿ. ಆರಿಸುವಾಗ ಪ್ರತಿ ಹಾಡನ್ನೂ ಕೊನೆಯ ಚರಣದವರೆಗೆ ಕೇಳಿ. ನಮ್ಮ ಹಳೆಯ ಚಿತ್ರಗೀತೆಗಳಲ್ಲಿ ಎಷ್ಟೋ ವಿರಹದ ಹಾಡುಗಳಿಗೆ ಸಿಹಿಯಾದ ರಾಗವಿದೆ. ಪಲ್ಲವಿಗೆ ಮನಸೋತು ಸೇರಿಸಿದ್ದು, ಎರಡನೆಯ ಚರಣದಲ್ಲಿ ಅಗಲಿಕೆಯನ್ನೋ ಸಾವನ್ನೋ ಹಾಡುತ್ತಿರುತ್ತದೆ. ಅಮೆರಿಕದಿಂದ ಬಂದ ಮಕ್ಕಳಿಗೆ ಅದು ಗೊತ್ತಾಗದಿರಬಹುದು, ಸೋದರತ್ತೆಗೆ ಗೊತ್ತಾಗುತ್ತದೆ. ಹಳೆಯ ಧ್ವನಿಮುದ್ರಣಗಳ ಸದ್ದು ಮೆಲುವಾಗಿ, ಹೊಸವು ಅಬ್ಬರವಾಗಿ ಬರುತ್ತವೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎಲ್ಲ ಹಾಡುಗಳ ಸದ್ದನ್ನು ಸಮ ಮಾಡುವ ಆಯ್ಕೆಯಿದ್ದರೆ ಒತ್ತಿಡಿ. ಒಂದು ಹಾಡು ಮುಗಿಯುವಾಗಲೇ ಮುಂದಿನದು ಒಳಸೇರುವಂತೆ ನಾಲ್ಕೈದು ಸೆಕೆಂಡು ಕೊಟ್ಟರೆ ನಡುವೆ ಖಾಲಿ ಬೀಳುವುದಿಲ್ಲ.

ಮೊದಲ ಅರ್ಧ ಗಂಟೆ, ಜನ ಬಂದು ಕೂರುವ ಹೊತ್ತಿಗೆ, ವಾದ್ಯಸಂಗೀತ ಇರಲಿ. ನನ್ನ ಆಯ್ಕೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್. ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದನ್ನು ಹಿಡಿದವರು. ಮಂಗಳವಾದ್ಯದ ಹದವೂ ಹೊಸ ವಾದ್ಯದ ದನಿಯೂ ಒಟ್ಟಿಗೆ ಅದರಲ್ಲಿವೆ.

ಕಾನೂನಿಗೆ ಬರೋಣ. ಮದುವೆಯಲ್ಲಿ ಹಾಡು ಹಾಕಲು ಪರವಾನಗಿ ಶುಲ್ಕ ಕೊಡಬೇಕೆಂದು ಯಾರಾದರೂ ಹೆದರಿಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ಕಲಮನ್ನು ತೋರಿಸಿ. ಧಾರ್ಮಿಕ ಸಮಾರಂಭದಲ್ಲಿ ಹಾಡನ್ನು, ಧ್ವನಿಮುದ್ರಣವನ್ನು ಕೇಳಿಸುವುದು ಉಲ್ಲಂಘನೆಯಲ್ಲ ಎನ್ನುತ್ತದೆ ಅದು. ಮದುವೆಯ ಮೆರವಣಿಗೆಯೂ ಮದುವೆಗೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಅದರಲ್ಲಿ ಸೇರಿವೆ ಎಂಬ ವಿವರಣೆ ಅಲ್ಲೇ ಇದೆ. ಕೇಂದ್ರ ಸರ್ಕಾರವು 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೆ ಹೇಳಿತು. ಅದರ ಒಂದು ಪ್ರತಿ ಮೊಬೈಲಿನಲ್ಲಿರಲಿ. ಆದರೆ ಈ ವಿನಾಯಿತಿ ಅಂತರ್ಜಾಲದ ನೇರಪ್ರಸಾರಕ್ಕೂ ಸಿಗುತ್ತದೆಂದು ನೆಚ್ಚಬೇಡಿ. ವಿದೇಶದ ನೆಂಟರಿಗೆಂದು ಯೂಟ್ಯೂಬಿನಲ್ಲಿ ಬಿಡುವಾಗ ಹಿನ್ನೆಲೆಯಲ್ಲಿ ಚಿತ್ರಗೀತೆ ಕೇಳಿಸಿದರೆ ಪ್ರಸಾರ ತಡೆಯಾಗಬಹುದು. ಕ್ಯಾಮೆರಾದವರಿಗೆ ಮೈಕಿನ ದನಿಯನ್ನು ಮಾತ್ರ ಕೊಡುವಂತೆ ಮಿಕ್ಸರಿನಲ್ಲಿ ವ್ಯವಸ್ಥೆ ಮಾಡಿಸಿ.

ಇನ್ನು ಸದ್ದು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ. ಮುಚ್ಚಿದ ಸಭಾಂಗಣಗಳ ಒಳಗಿನ ಬಳಕೆಗೆ ಸಡಿಲಿಕೆ ಇದೆ. ಮನೆಯ ಮುಂದೆ ಚಪ್ಪರ ಹಾಕಿ ಮಾಡುವುದಾದರೆ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ, ಲಿಖಿತ ಅನುಮತಿ ಪಡೆದುಕೊಳ್ಳಿ.

ಮರುದಿನದ ಮುಹೂರ್ತಕ್ಕೆ ಮಾತ್ರ ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ: ವಾಲಗದವರನ್ನು ಬಿಡಬೇಡಿ. ಅವರು ಅಲ್ಲಿ ಬಾರಿಸುವುದಕ್ಕಿಂತ ಹೆಚ್ಚಾಗಿ ನೋಡುತ್ತಿರುತ್ತಾರೆ. ನಾಗಸ್ವರ ತುಟಿಯಲ್ಲಿದ್ದರೂ ಕಣ್ಣು ಪುರೋಹಿತರ ಕೈಯ ಮೇಲೆ. ಮಾಂಗಲ್ಯ ಎಲ್ಲರ ಕೈ ಸೋಕಿ ಬರುವುದು ತಡವಾದರೆ ರಾಗವನ್ನು ಬೆಳೆಸುತ್ತಾರೆ. “ಗಟ್ಟಿಮೇಳ, ಗಟ್ಟಿಮೇಳ!” ಎಂದು ಕೂಗು ಬಿದ್ದ ಕೂಡಲೇ ಡೋಲು ಒಮ್ಮೆಲೇ ಏರುತ್ತದೆ, ಸೀನೋ ಅಳುವೋ ಅಪಶಬ್ದವೋ ಕಿವಿಗೆ ಬೀಳದಂತೆ ಆ ಗಳಿಗೆಯನ್ನು ಮುಚ್ಚುತ್ತದೆ. ಗುಂಡಿ ಒತ್ತಿ ಹಾಕಿದ ಮುದ್ರಿತ ಗಟ್ಟಿಮೇಳವನ್ನು ಒಮ್ಮೆ ಕೇಳಿದ್ದೇನೆ. ಮೂರನೆಯ ಗಂಟು ಬೀಳುವ ಮೊದಲೇ ಅದು ಮುಗಿದುಹೋಗಿತ್ತು.

ಸಂಜೆಗೂ ಅಂಥ ಕಣ್ಣೇ ಬೇಕು. ಆ ಮನುಷ್ಯ ಮದುಮಗಳ ಅಣ್ಣನಾಗಬಾರದು, ಅಂದರೆ ನೀವಾಗಬಾರದು. ನಿಮ್ಮನ್ನು ನಿಮಿಷಕ್ಕೊಬ್ಬರು ಕರೆಯುತ್ತಿರುತ್ತಾರೆ. ನಂಬಿಕಸ್ಥ ಸ್ನೇಹಿತನೊಬ್ಬನನ್ನು ವೇದಿಕೆ ಕಾಣುವ ಕಡೆ ಕೂರಿಸಿ, ಜೋಡಿ ವೇದಿಕೆಗೆ ಬರುವಾಗ ಯಾವ ಹಾಡು, ಹಿರಿಯರು ಹರಸುವಾಗ ಎಷ್ಟು ತಗ್ಗಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಡಿ. ಅವನ ಊಟದ ಹೊತ್ತಿಗೆ ಇನ್ನೊಬ್ಬರನ್ನು ಗೊತ್ತುಮಾಡಿ.

ಅದೇ ಹಾಳೆಯಲ್ಲಿ ಒಂದು ಇಪ್ಪತ್ತು ನಿಮಿಷವನ್ನು ಖಾಲಿ ಬಿಡಿ. ಸೋಬಾನೆಯನ್ನೋ ಬೀಗರ ಹಾಡನ್ನೋ ಬಾಯಿಪಾಠವಾಗಿ ಬಲ್ಲ ಹೆಂಗಸರು ನಿಮ್ಮ ಬಳಗದಲ್ಲೂ ಇದ್ದಾರು. ಅವರಿಗೆ ಮೈಕನ್ನು ಕೈಗೆ ಕೊಡಬೇಡಿ, ಸಂಕೋಚದಿಂದ ಒಬ್ಬರಿಂದೊಬ್ಬರಿಗೆ ದಾಟಿಸುತ್ತಾ ಹೋಗುತ್ತಾರೆ. ಜಮಖಾನ ಹಾಸಿ ಕೂರಿಸಿ, ಚಿಕ್ಕ ಸ್ಟ್ಯಾಂಡಿಗೆ ಮೈಕು ಸಿಕ್ಕಿಸಿ, ಬಾಯಿಯಿಂದ ಒಂದು ಗೇಣು ದೂರದಲ್ಲಿಡಿ. ಒಬ್ಬರು ಶುರು ಮಾಡಿದರೆ ಉಳಿದವರು ತಾವಾಗಿಯೇ ದನಿಗೂಡಿಸುತ್ತಾರೆ.