‘ವಾಚ್‌ಮೆನ್’ ನೋಡುವ ಮೊದಲು ಟಲ್ಸಾ ತಿಳಿದಿರಲಿ

ಎಚ್‌ಬಿಒದ ‘ವಾಚ್‌ಮೆನ್’ ಸರಣಿ ಬಂದದ್ದು 2019ರ ಅಕ್ಟೋಬರ್‌ನಲ್ಲಿ. ಒಟ್ಟು 9 ಕಂತು. ಅಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಮಾಡಿದ 1986–87ರ ಕಾಮಿಕ್ಸ್‌ನ ಲೋಕವನ್ನು ಡೇಮನ್ ಲಿಂಡಲಾಫ್ ಇದರಲ್ಲಿ ಮುಂದುವರಿಸಿದ್ದಾರೆ. ಮೊದಲ ಕಂತು ಶುರುವಾಗುತ್ತಿದ್ದಂತೆಯೇ ಒಂದು ಊರು ಹೊತ್ತಿ ಉರಿಯುತ್ತದೆ. ಬೀದಿಯಲ್ಲಿ ಗುಂಡಿನ ಸದ್ದು, ಮೇಲೆ ವಿಮಾನ. ಸೂಪರ್‌ಹೀರೋ ಕಥೆಯಲ್ವಾ, ಇದೂ ಕಲ್ಪನೆಯೇ ಇರಬೇಕು ಅಂತ ಅಮೆರಿಕದ ಪ್ರೇಕ್ಷಕರಲ್ಲೇ ಎಷ್ಟೋ ಜನ ಅಂದುಕೊಂಡರು. ಅದು ನಿಜವಾಗಿ ನಡೆದದ್ದು. ಹಾಗಾಗಿ ಮೊದಲು ಇತಿಹಾಸ ನೋಡೋಣ.

ಓಕ್ಲಹೋಮಾ ರಾಜ್ಯದ ಟಲ್ಸಾ ನಗರದಲ್ಲಿ ಗ್ರೀನ್‌ವುಡ್ ಅನ್ನೋದು ಕಪ್ಪು ಜನರ ಬಡಾವಣೆ. ಹೋಟೆಲ್, ಸಿನಿಮಾ ಮಂದಿರ, ವೈದ್ಯರು, ವಕೀಲರು, ಪತ್ರಿಕೆ ಎಲ್ಲವೂ ಅವರದ್ದೇ. ಅದಕ್ಕೇ ಅದನ್ನು ‘ಬ್ಲ್ಯಾಕ್ ವಾಲ್ ಸ್ಟ್ರೀಟ್’ ಎನ್ನುತ್ತಾರೆ. 1921ರ ಮೇ 30ರಂದು ಡಿಕ್ ರೋಲಂಡ್ ಎಂಬ ಬೂಟ್ ಪಾಲಿಶ್ ಮಾಡುವ ಹುಡುಗ ಲಿಫ್ಟ್‌ನಲ್ಲಿ ಬಿಳಿಯ ಹುಡುಗಿಯ ಮೇಲೆ ಕೈಮಾಡಿದ ಎಂಬ ಆರೋಪ ಬಂತು. ಮರುದಿನ ಪತ್ರಿಕೆಯಲ್ಲಿ ಸುದ್ದಿ ಬಂತು, ಸಂಜೆಗೆ ಕೋರ್ಟಿನ ಮುಂದೆ ಬಿಳಿಯರ ಗುಂಪು ಸೇರಿತು. ಹುಡುಗನನ್ನು ಎಳೆದು ನೇಣಿಗೆ ಹಾಕಿಬಿಡುತ್ತಾರೆ ಅನ್ನೋ ಭಯಕ್ಕೆ ಗ್ರೀನ್‌ವುಡ್‌ನವರೂ ಬಂದೂಕು ಹಿಡಿದು ಕಾವಲಿಗೆ ಬಂದರು. ಅವರಲ್ಲಿ ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರೂ ಇದ್ದರು. ಒಂದು ಗುಂಡು ಹಾರಿತು. ಜೂನ್ 1ರ ಹೊತ್ತಿಗೆ ಸುಮಾರು 35 ಬೀದಿ ಬ್ಲಾಕ್‌ಗಳು ಬೂದಿಯಾಗಿದ್ದವು. ಸುಟ್ಟ ಮನೆಗಳು 1,200ಕ್ಕಿಂತ ಜಾಸ್ತಿ. ಆಗಿನ ಸರ್ಕಾರಿ ಲೆಕ್ಕದಲ್ಲಿ ಸತ್ತವರು 36. ಈಗಿನ ಇತಿಹಾಸಕಾರರ ಅಂದಾಜು 300ರವರೆಗೆ ಹೋಗುತ್ತದೆ. ರೋಲಂಡ್ ಮೇಲಿನ ಕೇಸು ಬಿದ್ದುಹೋಯಿತು. ಊರು ಸುಟ್ಟವರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಇದು ‘ದಂಗೆ’, ದಂಗೆಗೆ ವಿಮೆ ಇಲ್ಲ ಅಂತ ವಿಮಾ ಕಂಪನಿಗಳೂ ಕೈ ತೊಳೆದುಕೊಂಡವು.

ಈಗ ಸರಣಿಯ ಮೊದಲ ದೃಶ್ಯಕ್ಕೆ ಬನ್ನಿ. ಥಿಯೇಟರ್‌ನಲ್ಲಿ ಒಬ್ಬ ಪುಟ್ಟ ಹುಡುಗ ಮೂಕಿ ಸಿನಿಮಾ ನೋಡುತ್ತಿದ್ದಾನೆ. ಅಮ್ಮ ಪಿಯಾನೋ ನುಡಿಸುತ್ತಿದ್ದಾಳೆ. ಪರದೆಯ ಮೇಲೆ ಮುಸುಕು ಹಾಕಿದ ಕುದುರೆ ಸವಾರನೊಬ್ಬ ಬಿಳಿಯ ಷೆರಿಫ್‌ನನ್ನು ಹಗ್ಗದಲ್ಲಿ ಕೆಡವುತ್ತಾನೆ. ಮುಸುಕು ತೆಗೆದರೆ ಬಾಸ್ ರೀವ್ಸ್! ರೀವ್ಸ್ ಕಟ್ಟುಕಥೆಯ ವ್ಯಕ್ತಿಯಲ್ಲ. ಗುಲಾಮನಾಗಿ ಹುಟ್ಟಿ, 1875ರಿಂದ ಈ ಭಾಗದಲ್ಲೇ ಡೆಪ್ಯುಟಿ ಮಾರ್ಷಲ್ (ಕೇಂದ್ರ ಸರ್ಕಾರದ ಪೊಲೀಸ್ ಅಧಿಕಾರಿ) ಆಗಿ ಕೆಲಸ ಮಾಡಿದ ಕಪ್ಪು ಅಧಿಕಾರಿ. ಸಿನಿಮಾದ ಜನ ಕಳ್ಳ ಷೆರಿಫ್‌ನನ್ನು ನೇಣಿಗೆ ಹಾಕಿ ಎಂದಾಗ, ಬೇಡ, ಕಾನೂನನ್ನು ನಂಬಿ ಎಂದು ತೆರೆಯ ಮೇಲಿನ ರೀವ್ಸ್ ಹೇಳುತ್ತಾನೆ. ಹುಡುಗನಿಗೆ ಆ ಮಾತು ಬಾಯಿಪಾಠ. ಅದೇ ಹೊತ್ತಿಗೆ ಹೊರಗೆ ಕಾನೂನಿನ ಹಂಗಿಲ್ಲದ ಗುಂಪು ಕೊಲ್ಲುತ್ತಿದೆ. ಇಡೀ ಸರಣಿಯ ಪ್ರಶ್ನೆ ಈ ಕೆಲವೇ ನಿಮಿಷಗಳಲ್ಲಿದೆ: ಕಾನೂನನ್ನು ನಂಬು ಅಂತ ಕಲಿತ ಮಗುವಿಗೆ ಕಾನೂನೇ ಬೆನ್ನು ತೋರಿಸಿದರೆ ಅದು ಏನಾಗಿ ಬೆಳೆಯುತ್ತದೆ?

ಉತ್ತರ ಆರನೇ ಕಂತಿನಲ್ಲಿದೆ. ನನ್ನ ಮಟ್ಟಿಗೆ ಸರಣಿಯ ಜೀವ ಇರೋದು ಇಲ್ಲೇ. ಹುಡುಗ ವಿಲ್ ಬೆಳೆದು 1938ರಲ್ಲಿ ನ್ಯೂಯಾರ್ಕ್ ಪೊಲೀಸ್ ಸೇರುತ್ತಾನೆ. ಒಬ್ಬ ಬಿಳಿಯ ಅಪರಾಧಿಯನ್ನು ಹಿಡಿದು ತಂದರೆ ಠಾಣೆಯವರೇ ಅವನನ್ನು ಬಿಟ್ಟು ಕಳಿಸುತ್ತಾರೆ. ವಿಲ್ ಪ್ರಶ್ನೆ ಕೇಳುತ್ತಾನೆ. ಜೊತೆಯ ಪೊಲೀಸರು ಅವನ ತಲೆಗೆ ಚೀಲ ಹಾಕಿ, ಮರಕ್ಕೆ ನೇಣು ಬಿಗಿದು, ಪ್ರಾಣ ಹೋಗುವ ಮೊದಲು ಕೆಳಗಿಳಿಸಿ ಎಚ್ಚರಿಕೆ ಕೊಡುತ್ತಾರೆ. ಕುತ್ತಿಗೆಯಲ್ಲಿ ಹಗ್ಗ ನೇತಾಡುತ್ತಿರುವಾಗಲೇ ಅವನು ಮನೆ ಕಡೆ ನಡೆಯುತ್ತಾನೆ. ದಾರಿಯಲ್ಲಿ ಯಾರೋ ಕೂಗುತ್ತಾರೆ. ಅದೇ ಚೀಲಕ್ಕೆ ಕಣ್ಣಿನ ತೂತು ಮಾಡಿ, ಹಾಕಿಕೊಂಡು ಗೂಂಡಾಗಳನ್ನು ಬಡಿಯುತ್ತಾನೆ. ಸರಣಿಯ ಲೋಕದ ಮೊದಲ ಮುಸುಕಿನ ವೀರ ಹುಟ್ಟುವುದು ಹೀಗೆ.

ಕಾಮಿಕ್ಸ್‌ನಲ್ಲೂ ಈ ಪಾತ್ರಕ್ಕೆ ಮುಸುಕು, ಕುತ್ತಿಗೆಗೆ ಕುಣಿಕೆ ಇತ್ತು. ಅವನು ಯಾರು ಅನ್ನೋದು ಪಕ್ಕಾ ಆಗಿರಲಿಲ್ಲ. ಅಮೆರಿಕದಲ್ಲಿ ಕುತ್ತಿಗೆಗೆ ಕುಣಿಕೆ ಹಾಕಿಕೊಂಡು ಓಡಾಡುವ ಮನುಷ್ಯ ಯಾರಿರಬಹುದು ಎಂದು ಸರಣಿಯ ಬರಹಗಾರರು ಕೇಳಿಕೊಂಡರು. ಕೇಳಿದ ಮೇಲೆ, ನೇಣಿನಿಂದ ಬದುಕಿ ಬಂದ ಕಪ್ಪು ಮನುಷ್ಯ ಅನ್ನೋದು ಬಿಟ್ಟು ಬೇರೆ ಉತ್ತರವೇ ಇಲ್ಲ ಅನ್ನಿಸುತ್ತದೆ. ಈ ಕಂತು ಬರೆದ ಲಿಂಡಲಾಫ್ ಮತ್ತು ಕಾರ್ಡ್ ಜೆಫರ್ಸನ್ ಅವರಿಗೆ ಎಮ್ಮಿ ಪ್ರಶಸ್ತಿ ಬಂತು.

ಇಲ್ಲಿ ಒಂದು ವಿವರ ತಪ್ಪಿಸಿಕೊಳ್ಳಬೇಡಿ. ಮುಸುಕಿನ ತೂತಿನಲ್ಲಿ ಚರ್ಮ ಕಾಣುತ್ತದೆ ಅಂತ ವಿಲ್ ಕಣ್ಣಿನ ಸುತ್ತ ಬಿಳಿ ಬಣ್ಣ ಬಳಿದುಕೊಳ್ಳುತ್ತಾನೆ. ಜನ ತನ್ನನ್ನು ಬಿಳಿಯ ಅಂದುಕೊಂಡರೆ ಮಾತ್ರ ವೀರ. ಕಪ್ಪು ಅಂತ ಗೊತ್ತಾದರೆ ಬೇಟೆ. ಬೇರೆ ಸೂಪರ್‌ಹೀರೋಗಳು ಹೆಸರು ಮುಚ್ಚಿಡುತ್ತಾರೆ. ಇವನು ತನ್ನ ಮೈಬಣ್ಣವನ್ನೇ ಮುಚ್ಚಿಡಬೇಕು. ಅವನನ್ನು ಮುಸುಕಿನ ವೀರರ ತಂಡಕ್ಕೆ ಕರೆದ ಬಿಳಿಯ ಗೆಳೆಯನೂ ಉಳಿದವರ ಮುಂದೆ ಮುಸುಕು ತೆಗೆಯಬೇಡ ಅನ್ನುತ್ತಾನೆ. ಮುಂದೆ ನ್ಯೂಯಾರ್ಕ್‌ನ ಹಾರ್ಲೆಮ್‌ನ ಕಪ್ಪು ಜನರ ವಿರುದ್ಧ ನಡೆಯುವ ಸಂಚಿನ ಬಗ್ಗೆ ವಿಲ್ ಸಹಾಯ ಕೇಳಿದಾಗ ಅದೇ ಗೆಳೆಯ ಜಾರಿಕೊಳ್ಳುತ್ತಾನೆ.

ಇದನ್ನೆಲ್ಲ ನಾವು ನೋಡುವುದು ಮೊಮ್ಮಗಳು ಏಂಜೆಲಾ ಮೂಲಕ. ರೆಜಿನಾ ಕಿಂಗ್ ಈ ಪಾತ್ರ ಮಾಡಿದ್ದಾರೆ. ಅಜ್ಜನ ನೆನಪುಗಳಿರುವ ಮಾತ್ರೆಗಳನ್ನು ಅವಳು ನುಂಗಿರುತ್ತಾಳೆ. ಕೆಲವು ಶಾಟ್‌ಗಳಲ್ಲಿ ಅಜ್ಜ ಇರಬೇಕಾದ ಜಾಗದಲ್ಲಿ ಅವಳೇ ನಿಂತಿರುತ್ತಾಳೆ. ಹಿಂದಿನವರ ನೋವು ಮುಂದಿನವರ ಮೈಗೆ ಇಳಿಯುತ್ತದೆ ಅನ್ನೋದನ್ನು ಭಾಷಣವಿಲ್ಲದೆ ತೋರಿಸಿದ ರೀತಿ ಇದು.

ಕೊರತೆಯೂ ಇದೆ. ಸರಣಿಯ ಲೋಕದಲ್ಲಿ ಟಲ್ಸಾ ಸಂತ್ರಸ್ತರ ವಂಶದವರಿಗೆ ಸರ್ಕಾರ ಪರಿಹಾರ ಕೊಡುತ್ತದೆ. ಅದರ ಮೇಲಿನ ಸಿಟ್ಟು ಬಿಳಿಯರ ಹೊಸ ದ್ವೇಷಕ್ಕೆ ಎಣ್ಣೆಯಾಗುತ್ತದೆ. ಎಂಥ ಒಳ್ಳೆ ಎಳೆ! ಆದರೆ ಕೊನೆಯ ಕಂತುಗಳು ದೇವರಂಥ ಶಕ್ತಿಯ ಪಾತ್ರ ಡಾಕ್ಟರ್ ಮ್ಯಾನ್‌ಹಟನ್‌ನ ಶಕ್ತಿ ಯಾರ ಪಾಲಾಗುತ್ತದೆ ಎಂಬ ಜಟಾಪಟಿಗೆ ಜಾರಿ, ಈ ಎಳೆ ಸಡಿಲವಾಗುತ್ತದೆ. ನಿಜ ಜೀವನದಲ್ಲಿ ಆ ಪರಿಹಾರ ಸಿಕ್ಕಿಲ್ಲ. ಪರಿಹಾರ ಕೊಡಿ ಅಂತ ರಾಜ್ಯದ ಆಯೋಗ 2001ರಲ್ಲೇ ಹೇಳಿತ್ತು. ಬದುಕುಳಿದ ವೃದ್ಧರು ಹಾಕಿದ್ದ ದಾವೆಯನ್ನು ವಜಾ ಮಾಡಿದ್ದು ಸರಿ ಎಂದು ಓಕ್ಲಹೋಮಾ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು.

ಹೊಸದಾಗಿ ನೋಡುವವರು ಸರಣಿ ಮುಗಿಸಿದ ಮೇಲೆ ಮೊದಲ ಕಂತು, ಆರನೇ ಕಂತು ಎರಡನ್ನೂ ಒಂದರ ಹಿಂದೊಂದು ಮತ್ತೊಮ್ಮೆ ನೋಡಿ. ಮೂಕಿ ಸಿನಿಮಾದ ಸವಾರನ ಉಡುಪು ಮತ್ತು ವಿಲ್ ಹಾಕುವ ಉಡುಪನ್ನು ಪಕ್ಕಪಕ್ಕ ಇಟ್ಟು ಹೋಲಿಸಿ.