ಬೀಟೆ ಹಲಗೆಯಲ್ಲಿ ಬಿಳಿ ಬಣ್ಣದ ಕಥೆ

ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣಕ್ಕೆ ಹೋದವರು ತಲೆ ಎತ್ತಿ ಚಾವಣಿ ನೋಡುತ್ತಾರೆ. ಅಲ್ಲೇ ಇರುವ ಬೀಟೆ ಮರದ (ರೋಸ್‌ವುಡ್) ಬಾಗಿಲನ್ನು ಸುಮ್ನೆ ದಾಟಿ ಹೋಗುವವರೇ ಜಾಸ್ತಿ. ಕಪ್ಪುಗೆಂಪು ಮರದಲ್ಲಿ ಹಾಲುಬಿಳುಪಿನ ಚಿತ್ತಾರ. ಅದು ಬಳಿದ ಬಣ್ಣವಲ್ಲ, ಮರದೊಳಗೆ ಕೂರಿಸಿದ ಆನೆ ದಂತ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋಯಿತು, 1912ಕ್ಕೆ ಈಗಿನದು ಎದ್ದು ನಿಂತಿತು. ಆಗ ದಂತದ ಕೆಲಸಕ್ಕೆ ನಿಷೇಧ ಇರಲಿಲ್ಲ.

ಈ ಕಲೆಯೇ ಮೈಸೂರು ಇನ್‌ಲೇ, ಅಂದರೆ ಹಲಗೆಯೊಳಗೆ ಬೇರೆ ಬಣ್ಣದ ತುಂಡು ಕೂರಿಸುವ ಕೆಲಸ. ಮೊದಲು ಕಾಗದದ ಮೇಲೆ ಚಿತ್ರ. ಅದನ್ನು ತುಂಡು ಮಾಡಿ, ಒಂದೊಂದನ್ನೂ ಬೇಕಾದ ಬಣ್ಣದ ಮರಕ್ಕೆ ಅಂಟಿಸಿ, ನೂಲಿನಂಥ ಗರಗಸದಲ್ಲಿ ಕೊಯ್ಯುತ್ತಾರೆ. ತುಂಡನ್ನು ಬೀಟೆ ಹಲಗೆ ಮೇಲಿಟ್ಟು ಅಂಚು ಗೀರಿ, ಅಷ್ಟೇ ಆಳಕ್ಕೆ ಉಳಿಯಿಂದ ಕೆತ್ತಿ, ಅಂಟು ಹಾಕಿ ಒತ್ತಿದರೆ ಕೂತಿತು. ಕೂದಲೆಳೆಯಷ್ಟು ಸಂದು ಬಿಟ್ಟರೂ ಪಾಲಿಶ್ ಮಾಡಿದ ಮೇಲೆ ಕಣ್ಣಿಗೆ ಹೊಡೆಯುತ್ತದೆ.

ಕಾನೂನು ಬಂದದ್ದು ಮೊದಲು ಬಿಳಿ ಬಣ್ಣದ ಮೇಲೆ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತದ ಆನೆ ದಂತದ ವ್ಯಾಪಾರವನ್ನು ನಿಲ್ಲಿಸಿತು. ಆಫ್ರಿಕಾದ ದಂತ ತರಿಸುವ ದಾರಿಯೂ 1991ಕ್ಕೆ ಮುಚ್ಚಿತು. ನಿಲ್ಲಬೇಕಾದದ್ದೇ ನಿಂತಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಶಲಕರ್ಮಿಯ ಕೈಗೆ ಬಂದದ್ದು ಪ್ಲಾಸ್ಟಿಕ್. ಬೆಳ್ಳಗೇನೋ ಇದೆ, ಮಿಂಚು ಮಾತ್ರ ಅಗ್ಗದ್ದು.

ಕೆಲಸ ಉಳಿದದ್ದು ಮರದಿಂದಲೇ. ಹಲಸಿನ ಹಳದಿ, ಕರಿಮರದ ಕಪ್ಪು, ಬಿಳಿಗೆ ತಿಳಿ ಬಣ್ಣದ ಮರ. ಜಾಣತನ ಇರುವುದು ಮರದ ಗೆರೆ ಆರಿಸುವುದರಲ್ಲಿ. ಅಲೆಯಲೆಯ ಗೆರೆ ನೀರಾಗುತ್ತದೆ, ಚದುರಿದ ಗೆರೆ ಸಂಜೆಯ ಮೋಡವಾಗುತ್ತದೆ. ದಂತದ ಕಾಲದಲ್ಲಿ ಇಷ್ಟು ಬಣ್ಣ ಇರಲಿಲ್ಲ. ದಸರಾ ಮೆರವಣಿಗೆಯ ಆನೆಯನ್ನು ಆನೆಯ ದಂತದಲ್ಲೇ ಕೂರಿಸುವುದು ವಿಚಿತ್ರವೇ ಅಲ್ವಾ? ಈಗ ಅದೂ ಮರದ್ದೇ.

ಅಷ್ಟರಲ್ಲಿ ಹಲಗೆಗೇ ಕುತ್ತು ಬಂತು. ಬೀಟೆ ಸೇರಿದ ಮರಗಳ ಇಡೀ ಕುಲ 2017ರ ಜನವರಿಯಲ್ಲಿ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ) ಒಪ್ಪಂದದ ಪಟ್ಟಿ ಸೇರಿತು. ಸಣ್ಣ ಪೆಟ್ಟಿಗೆ ಹೊರದೇಶಕ್ಕೆ ಹೋಗಬೇಕಾದರೂ ಆಗ ಕಾಗದಪತ್ರ ಬೇಕಾಯಿತು. 2019ರಲ್ಲಿ ಒಂದು ರವಾನೆಗೆ 10 ಕಿಲೋವರೆಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಸಿಕ್ಕಿತು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಅದು ಸಾಕು, ಊಟದ ಮೇಜಿಗೆ ಸಾಲದು.

ಅಂದ ಹಾಗೆ, ಅಜ್ಜನ ಕಾಲದ ದಂತದ ಪೆಟ್ಟಿಗೆ ಮನೆಯಲ್ಲಿದ್ದರೆ ಅದನ್ನು ಮಾರುವಂತಿಲ್ಲ.